ಕೂದಲೆಳೆಯ ಅಂತರ

ಹೊಸೂರಿನ ಕಾರ್ಖಾನೆಯೊಂದರಲ್ಲಿ ಅಚ್ಚುಗಳ ವಿನ್ಯಾಸ ಕಲಿಯುವಾಗ ನಾನು ಮಾಡಿದ ತಪ್ಪೊಂದನ್ನು, ಈ ಶಾಲೆಯ ಕಿರಿಯರಿಗೆ ಪಾಠವಾಗಲೆಂದು ಇಲ್ಲಿ ನಿವೇದಿಸುತ್ತೇನೆ.

ತಗಡಿನಿಂದ ಬಿಲ್ಲೆ ಕತ್ತರಿಸುವ ಅಚ್ಚಿಗೆ ಎರಡು ಮುಖ್ಯ ಅಂಗಗಳು: ಮೇಲಿನಿಂದ ಇಳಿಯುವ ಪಂಚ್, ಕೆಳಗೆ ರಂಧ್ರವುಳ್ಳ ಡೈ. ಇವುಗಳ ನಡುವಿನ ತೆರವಿಗೆ ಕ್ಲಿಯರೆನ್ಸ್ ಎಂದು ಹೆಸರು. ಮೆದು ಉಕ್ಕಿನ ತಗಡಿಗೆ ಪ್ರತಿ ಪಕ್ಕದಲ್ಲೂ ದಪ್ಪದ ಸುಮಾರು ಶೇಕಡಾ 5ರಷ್ಟು ಬಿಡುವುದು ವಾಡಿಕೆ. 1 ಮಿ.ಮೀ. ತಗಡಿಗೆ ಅದು 0.05 ಮಿ.ಮೀ., ಕೂದಲೆಳೆಯಷ್ಟು. ತೆರವು ಹೆಚ್ಚಿದರೆ ಬಿಲ್ಲೆಯ ಅಂಚಿನಲ್ಲಿ ಮುಳ್ಳು ಏಳುತ್ತದೆ. ತಗ್ಗಿದರೆ ಅಚ್ಚಿನ ಅಲಗು ಬೇಗ ಸವೆಯುತ್ತದೆ.

50 ಮಿ.ಮೀ. ವ್ಯಾಸದ ಬಿಲ್ಲೆ ಬೇಕಾಗಿತ್ತು. ನಾನು ಪಂಚಿಗೆ 50, ಡೈಗೆ 50.1 ಎಂದು ನಕ್ಷೆಯಲ್ಲಿ ಬರೆದೆ. ತೆರವು ಸರಿಯಾಗಿತ್ತು, ಆದರೆ ಬಿಲ್ಲೆಗಳೆಲ್ಲ 50.1ರ ಅಳತೆಗೆ ಬಿದ್ದವು. ಪಂಚನ್ನು ಉಜ್ಜಿ ಕಿರಿದಾಗಿಸಬಹುದು, ಹಿಗ್ಗಿದ ರಂಧ್ರವನ್ನು ಕುಗ್ಗಿಸಲಾಗದು. ಹದಗೊಳಿಸಿದ ಡೈ ಗುಜರಿಗೆ ಹೋಯಿತು.

ಹಿರಿಯ ಕೆಲಸಗಾರರೊಬ್ಬರು ಗದರಲಿಲ್ಲ. "ಬೀಳುವ ತುಂಡು ಬೇಕೋ, ಉಳಿಯುವ ತೂತು ಬೇಕೋ, ಮೊದಲು ತಿಳಿದುಕೊಳ್ಳಪ್ಪ" ಎಂದರು. ತುಂಡು ಬೇಕಾದರೆ ಡೈಗೆ ನಿಗದಿತ ಅಳತೆ, ಪಂಚ್ ಕಿರಿದು: 49.9. ತೂತು ಬೇಕಾದರೆ ಪಂಚಿಗೆ ನಿಗದಿತ ಅಳತೆ, ಡೈ ಹಿರಿದು.

ಆ ಕ್ಷಣ ನಮ್ಮ ಗಣಿತದ ಗುರುಗಳು ನೆನಪಾದರು. ದತ್ತ, ಸಾಧನೀಯ ಎರಡನ್ನೂ ಬರೆಯದೆ ಸಾಧನೆಗೆ ಕೈಯಿಡಬಾರದೆಂದು ಅವರು ಕನ್ನಡದಲ್ಲಿ ಕಲಿಸಿದ್ದರು. ನಾನು ಸಾಧನೀಯವನ್ನೇ ಬರೆದಿರಲಿಲ್ಲ. ಅಂದಿನಿಂದ ಪ್ರತಿ ನಕ್ಷೆಯ ಮೂಲೆಯಲ್ಲಿ ಮೊದಲು ಅದನ್ನೇ ಬರೆಯುತ್ತ ಬಂದಿದ್ದೇನೆ.