ಎಲೆ ಉಳೀತು, ಆಟ ಎಲ್ಲಿ ಹೋಯ್ತು?

ಹೋದ ದೀಪಾವಳಿ ರಜೆಗೆ ಇಡಗುಂದಿಗೆ ಹೋದಾಗ ಜಗಲಿ ಮೇಲೆ ಇಸ್ಪೀಟಿಗೆ ಕೂತೆವು. ಅಪ್ಪ, ದೊಡ್ಡಪ್ಪ, ಸೋದರಮಾವ ಮತ್ತು ನಾನು. ದುಡ್ಡಿನ ಆಟ ಅಲ್ಲ, ನಮ್ಮನೆಯಲ್ಲಿ ಆಡೋದು ಇಪ್ಪತ್ತೆಂಟು. ಮೂರನೇ ಆಟಕ್ಕೇ ಜಗಳ ಶುರುವಾಯ್ತು. ತುರುಫಿನ ರಾಜ, ರಾಣಿ ಎರಡೂ ಒಬ್ಬರ ಕೈಲೇ ಇದ್ದರೆ ಅದು 'ಜೋಡಿ'. ಜೋಡಿ ತೋರಿಸಿದರೆ ಕೂಗಿದ ಲೆಕ್ಕದಲ್ಲಿ ಸ್ವಲ್ಪ ಮಾಫಿ. ನಮ್ಮನೆಗೆ ಈ ಕಾನೂನು ತಂದವರು ಅಜ್ಜ. ಆದರೆ ಮಾಫಿ ಎಷ್ಟು? ಅಪ್ಪ ನಾಲ್ಕು ಅಂದರು, ದೊಡ್ಡಪ್ಪ ಮೂರು ಅಂದರು. ಮಾವನದು ಬೇರೆಯೇ ತಕರಾರು: "ಹಂಗಲ್ದಾ ತಮಾ, ಒಂದು ಸುತ್ತು ಗೆದ್ಮೇಲೇ ತೋರ್ಸಲಕ್ಕು."

ಅಜ್ಜ ತೀರಿಕೊಂಡು ನಾಲ್ಕು ವರ್ಷವಾಯ್ತು. ಅವರ ಹಳೇ ಎಲೆಗಳ ಕಟ್ಟು ಪೆಟ್ಟಿಗೆಯಲ್ಲಿ ಹಾಗೇ ಇದೆ. ಅವರ ಆಟ ಮಾತ್ರ ನಾಲ್ಕೇ ವರ್ಷದಲ್ಲಿ ಮೂರು ಚೂರಾಗಿದೆ. ಒಂದು ಆಟವನ್ನು ನಿಜವಾಗಿ ಉಳಿಸೋದು ಏನು ಅನ್ನೋ ಪ್ರಶ್ನೆ ಹಿಡಿದು ಓದಲು ಕೂತಾಗ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ.

ಫಾರ್ಮ್ಯಾಟ್ ಅಂದ್ರೆ ಏನು?

ಹಾಸ್ಟೆಲಲ್ಲಿ 'ಮ್ಯಾಜಿಕ್: ದ ಗ್ಯಾದರಿಂಗ್' ಆಡುವ ಗೆಳೆಯರಿಗೆ ಈ ಪದ ಹೊಸದಲ್ಲ. ಗಣಿತ ಓದಿದ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟ 1993ರಲ್ಲಿ ಮಾರುಕಟ್ಟೆಗೆ ಬಂತು. ಇದರಲ್ಲಿ ಎಲ್ಲರಿಗೂ ಒಂದೇ ಕಟ್ಟು ಇರುವುದಿಲ್ಲ. ಎಲೆಗಳನ್ನು ಕೊಂಡು, ಅದಲುಬದಲು ಮಾಡಿಕೊಂಡು, ಪ್ರತಿಯೊಬ್ಬರೂ ತಮ್ಮದೇ ಕಟ್ಟು ಜೋಡಿಸಿಕೊಂಡು ಬರಬೇಕು. ಕಂಪನಿ ಹೊಸ ಎಲೆ ತರುತ್ತಲೇ ಇರುತ್ತದೆ. ಹಾಗಾಗಿ ಯಾವ ಎಲೆ ನಡೆಯುತ್ತದೆ, ಯಾವುದಕ್ಕೆ ನಿಷೇಧ, ಒಂದು ಕಟ್ಟಿನಲ್ಲಿ ಎಷ್ಟು ಎಲೆ ಅನ್ನೋ ಒಪ್ಪಂದ ಮೊದಲೇ ಬೇಕು. ಆ ಒಪ್ಪಂದವೇ ಫಾರ್ಮ್ಯಾಟ್.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಎಲೆ ಹಾರ್ಡ್‌ವೇರ್, ಫಾರ್ಮ್ಯಾಟ್ ಪ್ರೊಟೊಕಾಲ್. ಎರಡು ಯಂತ್ರಗಳು ಒಂದೇ ಪ್ರೊಟೊಕಾಲ್ ಒಪ್ಪದಿದ್ದರೆ ತಂತಿ ಎಷ್ಟು ಚೆನ್ನಾಗಿದ್ದರೂ ಮಾತುಕತೆ ಆಗಲ್ಲ. ಈ ಮಾತಿಗೆ ನಮ್ಮ ನಾಡಿನಲ್ಲೇ ಒಂದು ದೊಡ್ಡ ಉದಾಹರಣೆ ಇದೆ.

ಅರಸರ 13 ಆಟಗಳು

ಇಸ್ಪೀಟಿಗಿಂತ ಮುಂಚೆ ನಮ್ಮಲ್ಲಿದ್ದದ್ದು ಗಂಜೀಫಾ. ದುಂಡಗಿನ ಎಲೆ, ಪ್ರತಿಯೊಂದರ ಮೇಲೂ ಕೈಯಲ್ಲೇ ಬರೆದ ಚಿತ್ರ. 1527ರಲ್ಲಿ ಬಾಬರ್ ಸಿಂಧ್‌ನ ಷಾ ಹಸನ್‌ಗೆ ಗಂಜೀಫಾ ಎಲೆ ಕಳಿಸಿದ್ದನ್ನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಮುಂದೆ ಹೆಚ್ಚು ಹರಡಿದ್ದು 96 ಎಲೆಗಳ ಕಟ್ಟು. ಇಸ್ಪೀಟಿನಲ್ಲಿ ಆಟೀನು, ಕಳಾವರ ಅಂತ ನಾಲ್ಕು ಬಣ್ಣ ಇದ್ದ ಹಾಗೆ ಇದರಲ್ಲಿ 8 ಬಣ್ಣ. ಪ್ರತಿ ಬಣ್ಣದಲ್ಲಿ ರಾಜ, ಮಂತ್ರಿ ಮತ್ತು 1ರಿಂದ 10ರವರೆಗಿನ ಎಲೆ, ಒಟ್ಟು 12. ನಮ್ಮವರು ಇದಕ್ಕೆ ವಿಷ್ಣುವಿನ ಹತ್ತು ಅವತಾರ ಕೂರಿಸಿದರು. ಹತ್ತು ಬಣ್ಣ, 120 ಎಲೆ. ಅದೇ ದಶಾವತಾರ ಗಂಜೀಫಾ.

ಆಡುವವರು ಮೂರು ಜನ, ಅಂದ್ರೆ ತಲಾ 40 ಎಲೆ. ತುರುಫು ಇಲ್ಲ. ಅರ್ಧ ಬಣ್ಣಗಳಲ್ಲಿ ಮಂತ್ರಿಯ ನಂತರ 10 ದೊಡ್ಡದು, ಉಳಿದರ್ಧದಲ್ಲಿ ಲೆಕ್ಕ ತಿರುಗುಮುರುಗು, 1 ದೊಡ್ಡದು. ಹಗಲು ಆಡಿದರೆ ರಾಮನ ಎಲೆ ಇರುವವರು ಶುರು ಮಾಡಬೇಕು, ರಾತ್ರಿಯಾದರೆ ಕೃಷ್ಣನ ಎಲೆ ಇರುವವರು. ಯಾವ ಎಲೆ ಹೋಗಿದೆ, ಈಗ ಉಳಿದದ್ದರಲ್ಲಿ ದೊಡ್ಡದು ಯಾವುದು ಅಂತ ನೆನಪಿಟ್ಟವರೇ ಗೆಲ್ಲೋದು. ಪೂರ್ತಿ ನೆನಪಿನ ಆಟ.

ಈ ಆಟ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಅವರ ಕೈಗೆ ಬಂತು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೂ ಅವರ ಆಸ್ಥಾನದಲ್ಲಿ ಸಂಗೀತ, ಚಿತ್ರ, ಗ್ರಂಥರಚನೆಗೆ ಕೊರತೆ ಇರಲಿಲ್ಲ. ಚದುರಂಗದಲ್ಲಿ ಕುದುರೆ ನಡೆಯ ಸಮಸ್ಯೆಗಳನ್ನು ಕಟ್ಟುತ್ತಿದ್ದ ಅರಸರು ಇವರು. ಇವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ. ಅದರಲ್ಲಿ 13 ಎಲೆಯಾಟಗಳ ವಿವರ ಇದೆ. ಇವಕ್ಕೆ 'ಛದ' ಅಂತ ಹೆಸರು. ಸಂಸ್ಕೃತದಲ್ಲಿ ಛದ ಅಂದ್ರೆ ಎಲೆ. ಚಾಮುಂಡೇಶ್ವರಿ ಛದ, ಜಗನ್ಮೋಹನ ಛದ ಹೀಗೆ ಒಂದೊಂದಕ್ಕೆ ಒಂದೊಂದು ಹೆಸರು. ಚಿಕ್ಕ ಕಟ್ಟು 36 ಎಲೆ, ದೊಡ್ಡದು 360.

360 ಎಲೆ! ಮೂವರು ಹಂಚಿಕೊಂಡರೆ ತಲಾ 120. ಕಲಸೋದಕ್ಕೇ ಒಂದು ಲ್ಯಾಬ್ ಅವಧಿ ಬೇಕು.

ಆಡುವವರು ಎಲ್ಲಿ ಹೋದರು?

ಇಂದು ಮೈಸೂರು ಗಂಜೀಫಾ ಅಂದ್ರೆ ಚಿತ್ರಕಲೆ. ಗಂಜೀಫಾ ರಘುಪತಿ ಭಟ್ಟರು ಶ್ರೀರಂಗಪಟ್ಟಣದಲ್ಲಿ ಕೂತು ದಶಕಗಳ ಕಾಲ ಈ ಎಲೆಗಳನ್ನು ಬರೆದು ಕಲೆಗೆ ಮತ್ತೆ ಜೀವ ಕೊಟ್ಟರು. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಹಳೇ ಆಟಗಳ ಪ್ರದರ್ಶನ ನಡೆಸುತ್ತಾ ಬಂದಿದೆ. ಎಲೆ ಉಳಿಯಿತು, ಪುಸ್ತಕದಲ್ಲಿ ನಿಯಮವೂ ಉಳಿಯಿತು. ಆದರೆ ಛದ ಆಡುವವರ ಸಾಲು ಮುಂದುವರಿಯಲಿಲ್ಲ.

ಕಾರಣ ಹುಡುಕಿದರೆ ನನಗೆ ಮೂರು ಕಾಣುತ್ತವೆ. ಮೊದಲನೆಯದು ಬೆಲೆ. ಕೈಯಲ್ಲಿ ಬರೆದ ನೂರಾರು ಎಲೆ ಎಲ್ಲರ ಮನೆಗೆ ಬರುವ ವಸ್ತುವಲ್ಲ. ಅಷ್ಟರಲ್ಲಿ ಯುರೋಪಿನಿಂದ ಅಚ್ಚು ಹಾಕಿದ ಅಗ್ಗದ ಇಸ್ಪೀಟು ಬಂತು. ಎರಡನೆಯದು, ಹಳೇ ಆಟದ ಜೊತೆ ಹೊಂದಾಣಿಕೆ. ಎಂಟು ಬಣ್ಣದ ಗಂಜೀಫಾ ಗೊತ್ತಿದ್ದವರು ದಶಾವತಾರಕ್ಕೆ ಸುಲಭವಾಗಿ ಹೊರಳಬಹುದಿತ್ತು. ಬಣ್ಣ ಎರಡು ಹೆಚ್ಚು, ಲೆಕ್ಕ ಅದೇ. ಛದಗಳಲ್ಲಿ ಎಲೆಗಳ ಸಂಖ್ಯೆಯೇ ಆಟದಿಂದ ಆಟಕ್ಕೆ ಬೇರೆ. ಅಂದ್ರೆ ಹೊಸ ಆಟಕ್ಕೆ ಹೊಸ ಕಟ್ಟು ಬೇಕು, ಹೊಸದಾಗಿ ಕಲಿಯಲೂ ಬೇಕು.

ಮೂರನೆಯದೇ ಮುಖ್ಯ. ಈ ಆಟಗಳು ಹುಟ್ಟಿದ್ದು ಅರಮನೆಯಲ್ಲಿ, ಮೇಲಿಂದ. ಒಂದು ಮೇಜಿನಿಂದ ಎರಡನೇ ಮೇಜಿಗೆ, ಒಂದು ಊರಿನಿಂದ ಇನ್ನೊಂದು ಊರಿಗೆ ದಾಟಲಿಲ್ಲ. ಒಡಿಶಾದಲ್ಲಿ ಹಾಗಾಗಲಿಲ್ಲ. ಪುರಿಯ ಸುತ್ತಮುತ್ತ ಸಂಜೆ ಕೂತು ಗಂಜಪ್ಪಾ ಆಡುವ ಹಿರಿಯರ ಗುಂಪುಗಳಿದ್ದವು, ಹಾಗಾಗಿ ಆಟ ಅಲ್ಲಿ ಬಹುಕಾಲ ಉಸಿರಾಡಿತು.

ಆಟಗಾರರೇ ಕಟ್ಟಿದ ಫಾರ್ಮ್ಯಾಟ್

ಇದಕ್ಕೆ ಪೂರಾ ಉಲ್ಟಾ ಕಥೆ ನಮ್ಮ ಹಾಸ್ಟೆಲಿನ ಗೆಳೆಯರು ಆಡುವ 'ಕಮಾಂಡರ್'ನದು. ಅಲ್ಲಿ ಎಲೆ ಕಂಪನಿಯದು, ಆದರೆ ಫಾರ್ಮ್ಯಾಟ್ ಹುಟ್ಟಿದ್ದು ಆಟಗಾರರಿಂದ. 1990ರ ದಶಕದಲ್ಲಿ ಅಲಾಸ್ಕಾದಲ್ಲಿ ಆಡಮ್ ಸ್ಟೇಲಿ ಮತ್ತು ಗೆಳೆಯರು ಶುರು ಮಾಡಿದ್ದು. 100 ಎಲೆಯ ಕಟ್ಟು, ಸಾಮಾನ್ಯ ನೆಲದ ಎಲೆ ಬಿಟ್ಟರೆ ಯಾವುದೂ ಎರಡು ಸಲ ಇರುವಂತಿಲ್ಲ, ಕಟ್ಟಿಗೆ ಒಬ್ಬ ನಾಯಕ. ಶೆಲ್ಡನ್ ಮೆನರಿ ಅನ್ನುವವರು ಇದನ್ನು ಪಂದ್ಯಗಳ ತೀರ್ಪುಗಾರರಿಗೆ ಕಲಿಸಿದರು. ಹಗಲಿಡೀ ತೀರ್ಪು ಕೊಟ್ಟು ಸುಸ್ತಾದವರು ರಾತ್ರಿ ಮೋಜಿಗೆ ಆಡುವ ಆಟವಾಯಿತು. ತೀರ್ಪುಗಾರರು ಊರೂರು ತಿರುಗುವವರು. ಅವರ ಜೊತೆ ಆಟವೂ ತಿರುಗಿತು. ನಿಯಮ ನೋಡಿಕೊಳ್ಳಲು ಆಟಗಾರರದ್ದೇ ಒಂದು ಸಮಿತಿ ಬಂತು. ಕಂಪನಿ ಇದಕ್ಕಂತಲೇ ಸಿದ್ಧ ಕಟ್ಟುಗಳನ್ನು ಮಾರಿದ್ದು 2011ರಲ್ಲಿ, ಜನ ಸೇರಿದ ಮೇಲೆ.

ಇಲ್ಲೂ ಎಲ್ಲ ಸುಖಾಂತ್ಯವಲ್ಲ. 2024ರ ಸೆಪ್ಟೆಂಬರ್ 23ರಂದು ಸಮಿತಿ ನಾಲ್ಕು ಎಲೆಗಳನ್ನು ನಿಷೇಧಿಸಿತು. ಅವುಗಳಲ್ಲಿ ಕೆಲವು ಬಹಳ ದುಬಾರಿ ಎಲೆಗಳು. ದುಡ್ಡು ಹಾಕಿದವರ ಸಿಟ್ಟು ಬೆದರಿಕೆಯವರೆಗೂ ಹೋಯಿತು. ಒಂದೇ ವಾರದಲ್ಲಿ ಫಾರ್ಮ್ಯಾಟಿನ ಹೊಣೆ ಸಮಿತಿಯಿಂದ ಕಂಪನಿಗೆ ಹೋಯಿತು. ಮೆನರಿ ಇದನ್ನು ನೋಡಲಿಲ್ಲ, 2023ರಲ್ಲೇ ತೀರಿಕೊಂಡಿದ್ದರು. ಎಲೆಗೆ ಬೆಲೆ ಏರಿದಷ್ಟೂ ಒಪ್ಪಂದ ನಾಜೂಕಾಗುತ್ತದೆ ಅನ್ನೋದು ಇಲ್ಲಿಯ ಪಾಠ.

ಮತ್ತೆ ಇಡಗುಂದಿಗೆ

ಇಪ್ಪತ್ತೆಂಟಿಗೆ ಅರಸನೂ ಇಲ್ಲ, ಕಂಪನಿಯೂ ಇಲ್ಲ, ಸಮಿತಿಯೂ ಇಲ್ಲ. ಅಂಗಡಿಯ ಮಾಮೂಲಿ ಕಟ್ಟಿನಿಂದ 2ರಿಂದ 6ರವರೆಗಿನ ಎಲೆ ತೆಗೆದಿಟ್ಟರೆ 32 ಎಲೆ ಸಿದ್ಧ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕ ಮತ್ತು ಹತ್ತಕ್ಕೆ ತಲಾ 1. ಬಣ್ಣಕ್ಕೆ 7, ನಾಲ್ಕು ಬಣ್ಣಕ್ಕೆ 28. ಗುಲಾಮ, ಒಂಬತ್ತು ಮೇಲಾಗುವ ಈ ಲೆಕ್ಕ ಯುರೋಪಿನ ಯಾಸ್ ಆಟಗಳಲ್ಲೂ ಇದೆ. ಬಂಗಾಳದ ಕಡೆ ಇದೇ ಕುಟುಂಬದ ಆಟ ಇಪ್ಪತ್ತೊಂಬತ್ತು, ಕೇರಳದಲ್ಲಿ ಇಪ್ಪತ್ತೆಂಟರ ಜೊತೆ ಐವತ್ತಾರೂ ಇದೆ. ಅಜ್ಜನ 'ಜೋಡಿ' ಆ ಇಪ್ಪತ್ತೊಂಬತ್ತರಲ್ಲೂ ಇರುವ ನಿಯಮ ಅಂತ ಓದಿದಾಗ ರೋಮಾಂಚನ ಆಯ್ತು. ಅಲ್ಲಿ ಮಾಫಿ ನಾಲ್ಕು.

ಅಪ್ಪನೇ ಸರಿ ಅಂತ ಹೇಳಲು ಫೋನ್ ಮಾಡಿದೆ. ಅಷ್ಟರಲ್ಲಿ ಅಪ್ಪ, ಅಜ್ಜನ ಜೊತೆ ಆಡುತ್ತಿದ್ದ ಪಕ್ಕದ ಕೇರಿಯ ಹಿರಿಯರೊಬ್ಬರನ್ನು ಕೇಳಿ ಬಂದಿದ್ದರು. ಅವರು ನಕ್ಕರಂತೆ. ಮಕ್ಕಳು ಕೂತರೆ ಅಜ್ಜ ನಾಲ್ಕು ಬಿಡುತ್ತಿದ್ದರು, ಸಮಜೋಡಿಯವರು ಕೂತರೆ ಮೂರು. ಮಾವನಂಥ ಅವಸರದವರು ಬಂದರೆ ಒಂದು ಸುತ್ತು ಗೆಲ್ಲುವ ಷರತ್ತು! ಮೂವರೂ ಸುಳ್ಳು ಹೇಳಿರಲಿಲ್ಲ. ಎದುರಿಗೆ ಕೂತವರನ್ನು ನೋಡಿ ಅಜ್ಜ ಫಾರ್ಮ್ಯಾಟ್ ಬದಲಿಸುತ್ತಿದ್ದರು. ಅದನ್ನು ಕಂಡವರು ಈಗ ಅವರೊಬ್ಬರೇ ಉಳಿದಿದ್ದರು. ಇನ್ನೆರಡು ವರ್ಷ ತಡವಾಗಿದ್ದರೆ ಕೇಳಲು ಯಾರೂ ಇರುತ್ತಿರಲಿಲ್ಲವೇನೋ.

ಈಗ ನಮ್ಮನೆ ನಿಯಮ ಒಂದು ಹಾಳೆಯಲ್ಲಿದೆ, ಬದಲಾದಾಗ ಬರೆಯಲು ಕೆಳಗೆ ಜಾಗ ಬಿಟ್ಟಿದ್ದೇನೆ. ಆದರೆ ಕೌತುಕನಿಧಿಯೂ ಬರೆದಿಟ್ಟ ನಿಯಮವೇ ಅಲ್ಲವಾ? ಹಾಳೆ ಸಾಲದು, ನಾಲ್ಕು ಜನ ಕೂರಬೇಕು. ನಿಮ್ಮ ಊರಲ್ಲೂ ಹೀಗೊಂದು ಆಟ, ಹೀಗೊಬ್ಬರು ಹಿರಿಯರು ಇರಬಹುದು. ಮುಂದಿನ ರಜೆಗೆ ಹೋದಾಗ ಕೇಳಿ, ಬರೆದುಕೊಳ್ಳಿ, ಆಮೇಲೆ ಅವರ ಎದುರಿಗೇ ಕೂತು ಒಂದು ಆಟ ಆಡಿ. ಸೋತರೂ ಪರವಾಗಿಲ್ಲ.