ಬೇಸರ ಮೈಗಿಳಿಯುವ ಮುನ್ನ

ಭಾನುವಾರ ಸಂಜೆಯಾದರೆ ಸಾಕು, ನಾಳೆ ಆಫೀಸು ಎಂದು ನಿಮಗೆ ಹೊಟ್ಟೆ ತೊಳಸುತ್ತದೆ, ತಲೆ ಸಿಡಿಯುತ್ತದೆ. ಒಂದು ಗ್ಯಾಸ್ ಮಾತ್ರೆ ನುಂಗಿ ಮಲಗಿಬಿಡುತ್ತೀರಿ. ಹಾಗೆ ಮಾಡಬೇಡಿ. ಅಲ್ಲಿ ನಿಮ್ಮನ್ನು ಕೊರೆಯುತ್ತಿರುವುದು ಏನು ಅಂತ ಮೊದಲು ನೋಡಿಕೊಳ್ಳಿ. ಮನಸ್ಸು ದಿನವೂ ಕುದಿಯುತ್ತಿದ್ದರೆ ಬಿಪಿ ಏರುತ್ತದೆ, ಸಕ್ಕರೆ ಕಾಯಿಲೆ ಹತ್ತಿರವಾಗುತ್ತದೆ, ನಿದ್ದೆ ದೂರವಾಗುತ್ತದೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಹೃದಯದ ಕಾಯಿಲೆ ದೊಡ್ಡ ಸಾಹೇಬರಿಗೇ ಜಾಸ್ತಿ ಅಂದುಕೊಂಡಿದ್ದೀರಾ? ಲಂಡನ್ನಿನ ಸರ್ಕಾರಿ ನೌಕರರ ಆರೋಗ್ಯವನ್ನು 1967ರಿಂದ ವರ್ಷಗಟ್ಟಲೆ ಗಮನಿಸಿದ ವೈಟ್‌ಹಾಲ್ ಅಧ್ಯಯನದಲ್ಲಿ ಕಂಡದ್ದೇ ಬೇರೆ. ಹೃದ್ರೋಗದಿಂದ ಹೆಚ್ಚಾಗಿ ತೀರಿಕೊಂಡವರು ಕೆಳದರ್ಜೆಯ ನೌಕರರು. 1985ರಲ್ಲಿ ಸಂಶೋಧಕ ಮೈಕಲ್ ಮಾರ್ಮಟ್ ಶುರುಮಾಡಿದ ಎರಡನೆಯ ಅಧ್ಯಯನ ಇನ್ನೂ ಒಂದು ವಿಷಯ ತೋರಿಸಿತು: ತಮ್ಮ ಕೆಲಸದಲ್ಲಿ ತಮ್ಮ ಮಾತೇ ನಡೆಯದವರಿಗೆ ಹೃದಯದ ತೊಂದರೆ ಹೆಚ್ಚು.

ಆದ್ದರಿಂದ ಮೇಲಧಿಕಾರಿಗಳೇ, ನಿಮಗೂ ಹೇಳುತ್ತೇನೆ. ಕೆಲಸ ಒಪ್ಪಿಸಿ, ಹೇಗೆ ಮಾಡಬೇಕೆಂಬುದನ್ನು ಮಾಡುವವರಿಗೇ ಸ್ವಲ್ಪ ಬಿಡಿ. ನಾಲ್ಕು ಜನರೆದುರು ಬೈಯಬೇಡಿ. ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿದ್ದರೆ, ಹೆಣ್ಣುಮಕ್ಕಳು ಶೌಚಕ್ಕೆ ಎದ್ದುಹೋದದ್ದನ್ನು ಎಣಿಸಬೇಡಿ. ಆ ಹೆದರಿಕೆಗೆ ಎಷ್ಟೋ ಮಂದಿ ನೀರೇ ಕುಡಿಯದೆ ಉರಿಮೂತ್ರ ಬರಿಸಿಕೊಳ್ಳುತ್ತಾರೆ. ಟಾರ್ಗೆಟ್ ಮುಟ್ಟಿಸಲು ಇದು ದಾರಿಯೇ ಅಲ್ಲ.

ಇನ್ನು ನೀವು, ಕಂಪ್ಯೂಟರ್ ಮುಂದೆಯೇ ಡಬ್ಬಿ ಬಿಚ್ಚುವವರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಎರಡನ್ನೂ ಒಟ್ಟಿಗೆ ಪಾಲಿಸಿ. ಎದ್ದುಹೋಗಿ ಜೊತೆಯವರೊಡನೆ ಕೂತು ಉಣ್ಣಿ. ಕೆಲಸ ಹೊರಲಾರದಷ್ಟಾದರೆ ಒಳಗೊಳಗೇ ನುಂಗಿಕೊಳ್ಳದೆ, ಇದು ಇವತ್ತಿಗೆ, ಇದು ನಾಳೆಗೆ ಎಂದು ನಯವಾಗಿ ಬಾಯಿಬಿಟ್ಟು ಹೇಳಿ. ರಜೆ ಉಳಿಸಿ ಉಳಿಸಿ ಕೊಳೆಸಬೇಡಿ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಎಚ್ಚರಿಸಿದೆ. ದುಡಿಮೆ ಬೇಡ ಎನ್ನುತ್ತಿಲ್ಲ, ಅತಿಯಾದರೆ ಅಮೃತವೂ ವಿಷ.

ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ಬಿಪಿ, ಸಕ್ಕರೆ ನೋಡಿಸಿಕೊಳ್ಳಿ. ಎದೆ ಹಿಂಡಿದಂತಾಗಿ ಬೆವರು ಕಿತ್ತುಕೊಂಡರೆ ಗ್ಯಾಸ್ ಇರಬೇಕು ಎಂದು ಸೋಡಾ ಕುಡಿಯುತ್ತ ಕೂರಬೇಡಿ. ಯಾರನ್ನಾದರೂ ಜೊತೆಗೆ ಕರೆದುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ, ಇಸಿಜಿ ಮಾಡಿಸಿ. ಮೀಟಿಂಗ್ ಮುಗಿಯಲಿ ಎಂದು ಕಾಯಬೇಡಿ.