ಅಂಜನಾದ್ರಿ ಏರುವ ಭಕ್ತರಿಗೆ ತಿಳುವಳಿಕೆಯ ಮಾತು

ಹುಬ್ಬಳ್ಳಿಯ ಕೇಶ್ವಾಪುರದಿಂದ ನಸುಕಿನಲ್ಲೇ ಟೆಂಪೋ ಹತ್ತಿ, ಗದಗ, ಕೊಪ್ಪಳ, ಗಂಗಾವತಿ ಹಾಯ್ದು ಆನೆಗೊಂದಿ ಸಮೀಪದ ಈ ಬೆಟ್ಟದ ಬುಡಕ್ಕೆ ನಾವು ಬಂದಾಗ ಬಿಸಿಲು ಏರಿತ್ತು. ಅಂದು ಶನಿವಾರ, ಅವ್ವನ ಉಪವಾಸ. ಸಕ್ಕರೆ ಕಾಯಿಲೆಯ ಗುಳಿಗೆ ಮಾತ್ರ ತಪ್ಪದೆ ನುಂಗಿದ್ದಳು. ಇರುವ 575 ಮೆಟ್ಟಿಲಲ್ಲಿ ಅರ್ಧ ಏರುವುದರೊಳಗೆ ಅವಳ ಕೈ ನಡುಗಿ, ಮೈ ತಣ್ಣಗೆ ಬೆವರಿ, ಮಾತು ತೊದಲಿತು. "ದಣಿವಾಗೇತಿ, ಹನುಮಪ್ಪನ ಹೆಸರು ತಗೊಂಡು ಏಳವ್ವ" ಅಂತ ನಾವು ಕೈಹಿಡಿದು ಎಬ್ಬಿಸಿದೆವು. ಅದೇ ನಮ್ಮ ತಪ್ಪು. ಇಳಿದು ಬರುತ್ತಿದ್ದ ಹಿರಿಯರೊಬ್ಬರು, "ಮೊದ್ಲು ಕೂಡಸ್ರಿ, ಬಾಯಾಗ ಬೆಲ್ಲ ಹಾಕ್ರಿ" ಅಂದರು. ಕಾಲು ತಾಸಿನಲ್ಲಿ ಅವ್ವ ಚೇತರಿಸಿಕೊಂಡಳು.

ಇನ್ಸುಲಿನ್ ಮತ್ತು ಕೆಲವು ಗುಳಿಗೆಗಳು ರಕ್ತದಲ್ಲಿಯ ಸಕ್ಕರೆಯನ್ನು ಇಳಿಸುತ್ತವೆ. ಖಾಲಿ ಹೊಟ್ಟೆಯಲ್ಲಿ ಬೆಟ್ಟ ಏರಿದರೆ ಅದು ಇನ್ನೂ ಕುಸಿಯುತ್ತದೆ. ಆದ್ದರಿಂದ ಉಪವಾಸ ಹಿಡಿಯುವ ಮೊದಲೇ ನಿಮ್ಮ ಡಾಕ್ಟರರನ್ನು ಕೇಳಿರಿ. ಗುಳಿಗೆಯನ್ನು ಸ್ವಂತ ಬುದ್ಧಿಯಿಂದ ಬಿಡಬೇಡಿರಿ. ಕಿಸೆಯಲ್ಲಿ ಸಕ್ಕರೆ ಪುಡಿಕೆ ಇರಲಿ. ಎಚ್ಚರವಿದ್ದವರಿಗೆ ಮೂರು ನಾಲ್ಕು ಚಮಚ ಸಕ್ಕರೆ ಕೊಡಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರನ್ನೂ ಹಾಕಬಾರದು. ಒಂದು ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿರಿ. ಎದೆ ಬಿಗಿತ, ಎಡಗೈ ಅಥವಾ ದವಡೆ ನೋವು ಬಂದರೂ ಅಷ್ಟೇ: ಕೂತಲ್ಲೇ ಕೂಡಬೇಕು, ಒಂದು ಮೆಟ್ಟಿಲೂ ಏರಬಾರದು, 108ಕ್ಕೆ ಕರೆ ಹೋಗಬೇಕು.

ಏಪ್ರಿಲ್, ಮೇ ತಿಂಗಳಿನಲ್ಲಿ ಇಲ್ಲಿಯ ಬಂಡೆ ಕಾದ ಹಂಚು. ಬೆಳಗಿನ ತಂಪಿನಲ್ಲೇ ಏರಿ ಇಳಿಯಿರಿ. ತಲೆಗೆ ಟವೆಲ್ ಇರಲಿ, ಒಬ್ಬೊಬ್ಬರ ಹತ್ತಿರ ಒಂದು ಲೀಟರ್ ನೀರಾದರೂ ಇರಲಿ. ಓ.ಆರ್.ಎಸ್. ಪುಡಿ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿದರಾಯಿತು. ಮೈ ಸುಡುತ್ತ ಮಾತು ತಪ್ಪಿದವರನ್ನು ನೆರಳಿಗೆ ತಂದು, ಮೈಮೇಲೆ ನೀರು ಸುರಿದು ಗಾಳಿ ಹಾಕಿರಿ. ಅವರಿಗೂ 108 ಬೇಕು.

ಮಂಗ್ಯಾಗಳ ವಿಷಯ ಹೇಳಲೇಬೇಕು. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಕಸಿಯದೆ ಬಿಡವು. ಹೆಗಲ ಚೀಲದಲ್ಲಿ ಮುಚ್ಚಿಡಿರಿ, ಕಸಿದರೆ ಜಗ್ಗಾಡಬೇಡಿರಿ. ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಬೇಕು. ಅರಿಶಿನ ಹಚ್ಚಿ ಸುಮ್ಮನಾಗಬೇಡಿರಿ.

ಫೋಟೋದ ಆಸೆಗೆ ಮೆಟ್ಟಿಲು ಬಿಟ್ಟು ಬಂಡೆಗಳ ಮೇಲೆ ಹೋಗಬಾರದು. ಈ ಗುಡ್ಡಗಳಲ್ಲಿ ಚಿರತೆ, ಕರಡಿ ಉಂಟು. ಕತ್ತಲಲ್ಲಿ ಬ್ಯಾಟರಿ ಹಿಡಿದು ಗುಂಪಾಗಿಯೇ ನಡೆಯಿರಿ.

ಅವ್ವ ಅಂದು ಅರ್ಧದಿಂದಲೇ ಇಳಿದಳು. ಪ್ರಸಾದ ನಾವು ತಂದುಕೊಟ್ಟೆವು. ಮರುವರ್ಷ ಚಳಿಗಾಲದಲ್ಲಿ ಉಪ್ಪಿಟ್ಟು ತಿಂದು, ಅಲ್ಲಲ್ಲಿ ಕೂತು ಏರಿ, ತಾನೇ ದರ್ಶನ ಮಾಡಿದಳು.